ಫಕೀರವ್ವ ಹಿಡಿದಿದ್ದ ಸ್ಟ್ಯಾಂಡ್

ನಾನು ಒಂದು ಸಲೈನ್ ಸ್ಟ್ಯಾಂಡ್. ಉಕ್ಕಿನ ಕೊಳವೆ ಕತ್ತರಿಸಿ, ಮೇಲೆ ಎರಡು ಕೊಕ್ಕೆ, ಕೆಳಗೆ ಐದು ಗಾಲಿ ಕೂಡಿಸಿ ನನ್ನನ್ನು ಮಾಡಿದರು. ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಕೀಮೋ ಬಾಟಲಿ ಹೊತ್ತಿದ್ದೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ.

ಫಕೀರವ್ವ ನನ್ನ ಪಾಲಿಗೆ ಬಂದದ್ದು ಎರಡು ವರ್ಷದ ಹಿಂದೆ. ಅವಳ ಗಂಡ ದ್ಯಾಮಪ್ಪ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟು ಕೊಯ್ಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಅವನ ಅಂಗಿಯ ಬಿಳಿ ದೂಳನ್ನು ದಿನಾ ಸಂಜೆ ಅಂಗಳದಲ್ಲಿ ಝಾಡಿಸಿ ಒಗೆಯುತ್ತಿದ್ದವಳು ಇವಳು. ಕಾರ್ಖಾನೆಯ ಬಾಗಿಲನ್ನೇ ನೋಡದ ಇವಳ ಶ್ವಾಸಕೋಶದ ಹೊರಪೊರೆಗೆ ಆ ದೂಳಿನಿಂದ ಕ್ಯಾನ್ಸರ್ ಬಂತು.

"ಬಂದ್ರ ನನಗ ಬರಬೇಕಿತ್ತು" ಎಂದು ದ್ಯಾಮಪ್ಪ ನೆಲ ನೋಡುತ್ತಿದ್ದ.

ನಾಲ್ಕು ಸಲ ಕೀಮೋ ಆಯಿತು. ಅವಳು ನನ್ನನ್ನು ಹಿಡಿದೇ ನಡೆದಳು, ನನ್ನ ಬುಡದಲ್ಲೇ ವಾಂತಿ ಮಾಡಿಕೊಂಡಳು. ನನಗೇನೂ ಬೇಸರವಿರಲಿಲ್ಲ, ಅವಳು ನನ್ನವಳು ಎಂದುಕೊಂಡಿದ್ದೆ. ಆದರೆ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿರಲಿಲ್ಲ.

ಡಾಕ್ಟರ್ ಸುನಂದಾ ಹೆಬಸೂರ ಅವಳ ಪಕ್ಕ ಕೂತರು. "ಅವ್ವಾರ, ಕೀಮೋ ಬೆಳೆಯೋ ಕಣಾನ ಕೊಲ್ಲತೈತಿ. ಇನ್ನ ಕೊಡೂದು ಇಮ್ಯುನೋಥೆರಪಿ. ಅದು ನಿಮ್ಮ ಮೈಯಾಗಿನ ಕಾವಲುಗಾರರನ್ನ ಎಬ್ಬಸ್ತೈತಿ. ನಿಮಗಿರೋ ಜಾತಿ ಗಡ್ಡಿಗೆ ಅದ ಹೆಚ್ಚು ನಾಟತೈತಿ. ಆದ್ರ ಕಾವಲುಗಾರರು ಮನಿಯವರನ್ನೂ ಬಡೀಬಹುದು. ಭೇದಿ ಹತ್ತಿದ್ರ ಅವತ್ತ ಫೋನ್ ಮಾಡ್ರಿ."

ಆ ಔಷಧ ಹೊತ್ತದ್ದು ಪಂಪು ಕಟ್ಟಿಕೊಂಡ ಹೊಸ ಗಿಡ್ಡ ಸ್ಟ್ಯಾಂಡ್. ನನ್ನ ಹತ್ತಿರ ಗುಟುಕು ನೀರು ಇಳಿಯದವಳು ಅದರ ಪಕ್ಕ ಕೂತು ಮಂಡಕ್ಕಿ ಗಿರಮಿಟ್ಟು ತಿಂದಳು. ವಾಂತಿ ಇಲ್ಲ, ಸುಸ್ತು ಇಲ್ಲ. ನನ್ನ ಹೊಟ್ಟೆ ಉರಿದುಹೋಯಿತು.

ಒಂದು ದಿನ ಅವಳೇ ಗಂಡನಿಗೆ ಹೇಳಿದಳು: "ಇದೇನ್ ಔಷಧ್ರೀ, ನೀರಿನಂಗೈತಿ. ನನ್ನ ಕಾಡಲಾರದ್ದು ರೋಗಾನ ಏನ್ ಕಾಡೀತು?"

ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗಿಡ್ಡ ಸೋಲಲಿ, ಇವಳು ಮತ್ತೆ ನನ್ನ ಹತ್ತಿರ ಬರಲಿ ಎಂದು ಬೇಡಿಕೊಂಡೆ.

ಹೊಸ ಔಷಧಕ್ಕೆ ಮೂರನೆಯ ಸಲ ಬಂದಾಗ ಅವಳ ಮುಖ ಬತ್ತಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಕೂತು ದ್ಯಾಮಪ್ಪನ ಕಿವಿಯಲ್ಲಿ ಅಂದಳು: "ಮೇಡಂಗ ಭೇದಿ ಸುದ್ದಿ ಹೇಳಬ್ಯಾಡ್ರಿ. ಅದು ನಿಲ್ಲೂ ಗುಳಿಗಿ ಕೊಟ್ಟಾರು. ಜುಲಾಬು ತಗೊಂಡ ಹಂಗ ಹೊಟ್ಟಿ ತೊಳದು ಹೊಂಟೈತಿ. ರೋಗನ ಹೊರಗ ಬೀಳಾಕತ್ತೈತಿ, ಬೀಳ್ಲಿ."

ದ್ಯಾಮಪ್ಪ ಆಗಲಿ ಎಂದು ತಲೆ ಆಡಿಸಿದ. ತನ್ನ ಅಂಗಿಯ ದೂಳಿನಿಂದ ಕಾಯಿಲೆ ಬಿದ್ದವಳ ಮಾತು ಮೀರುವ ಹಕ್ಕು ತನಗಿಲ್ಲ ಎಂದುಕೊಂಡಿದ್ದನೋ ಏನೋ. ಅವಳು ಎದ್ದಳು, ತಲೆ ಸುತ್ತಿತು, ಹತ್ತಿರವಿದ್ದ ನನ್ನನ್ನು ಹಿಡಿದಳು. ನನ್ನ ಗಾಲಿ ಜಾರಿತು. ಇಬ್ಬರೂ ನೆಲಕ್ಕೆ ಬಿದ್ದೆವು. ಸಪ್ಪಳಕ್ಕೆ ನರ್ಸು ಓಡಿಬಂದಳು.

"ಐದು ದಿನದಿಂದ ಭೇದಿ ಹತ್ತೈತ್ರೀ ಆಕಿಗೆ" ಎಂದು ದ್ಯಾಮಪ್ಪ ಅತ್ತುಬಿಟ್ಟ.

"ರೋಗ ಹೊಂಟಿಲ್ಲ ಯಜಮಾನ್ರ, ಕಾವಲುಗಾರರು ಕರುಳ ಬಡದಾರ. ಇನ್ನೆರಡು ದಿನ ಬಿಟ್ಟಿದ್ರ ಕರುಳ ತೂತು ಬೀಳತಿತ್ತು" ಎಂದರು ಡಾಕ್ಟರ್.

ಗಾಲಿ ಮುರಿದ ನನ್ನನ್ನೇ ಗೋಡೆಗೆ ಆನಿಸಿ, ಆ ಕಾವಲುಗಾರರನ್ನು ತಣ್ಣಗಾಗಿಸುವ ಸ್ಟೀರಾಯ್ಡ್ ಬಾಟಲಿ ತೂಗುಹಾಕಿದರು. ನಾನು ಬೇಡಿದ್ದು ಸಿಕ್ಕಿತ್ತು. ಆದರೆ ಕಣ್ಣು ಮುಚ್ಚಿ ಮಲಗಿದ ಅವಳನ್ನು ನೋಡಿ ನನಗೆ ನಾಚಿಕೆಯಾಯಿತು.

ಹದಿನಾರು ದಿನಕ್ಕೆ ಅವಳು ಎದ್ದಳು. ಹೊಸ ಔಷಧ ನಿಲ್ಲಿಸಿದರು. ಆದರೂ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧ ಕರಗಿತ್ತು. ನಾನು ನಾಲ್ಕು ಸಲಕ್ಕೆ ಮಾಡಲಾಗದ್ದನ್ನು ಗಿಡ್ಡ ಎರಡೇ ಸಲಕ್ಕೆ ಮಾಡಿತ್ತು. ಸುಳ್ಳು ಯಾಕೆ ಹೇಳಲಿ, ಆಗಲೂ ಉರಿದೆ.

ಈಗ ನಾನು ವಾರ್ಡಿನ ಮೂಲೆಯಲ್ಲಿದ್ದೇನೆ. ನನ್ನ ಕೊಕ್ಕೆಗೆ ನರ್ಸುಗಳು ಕೋಟು ತೂಗುಹಾಕುತ್ತಾರೆ. ಮೊನ್ನೆ ಫಕೀರವ್ವ ತಪಾಸಣೆಗೆ ಬಂದಿದ್ದಳು. ಗಡ್ಡೆ ಇನ್ನೂ ಇದೆ, ಬೆಳೆದಿಲ್ಲ. ಹೊರಡುವಾಗ ದ್ಯಾಮಪ್ಪ ಕೈ ಕೊಡಲು ಹೋದ.

"ಬಿಡ್ರಿ, ನಾ ನಡೀತೀನಿ" ಎಂದಳು.

ಗಿಡ್ಡನ ಮುಂದೆ, ನನ್ನ ಮುಂದೆ, ಯಾರನ್ನೂ ಹಿಡಿಯದೆ ಬಾಗಿಲವರೆಗೆ ನಡೆದಳು. ಹೊಟ್ಟೆಕಿಚ್ಚು ಪಡೋಣವೆಂದರೆ ನನಗೆ ಯಾರೂ ಸಿಗಲಿಲ್ಲ.