ಏಳೂರಿನ ಕಸ

ಹೂಮಾಲೆಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಟೀಚರ್ ಕತ್ತರಿಯಿಂದ ಉದ್ದಕ್ಕೆ ಸೀಳಿ, ಮಡಚಿ, ಒಂದು ಚೀಲಕ್ಕೆ ಹಾಕಿದರು. ಮಾಲೆಯೊಳಗಿನ ತಂತಿಯನ್ನು ಎಳೆದು ಇನ್ನೊಂದು ಚೀಲಕ್ಕೆ ಹಾಕಿದರು. ಉಳಿದ ಬರೀ ಹೂವನ್ನು ಗಂಡನ ಕಾಲಬಳಿ ಇಡುವಷ್ಟರಲ್ಲಿ ಬಾಗಿಲಿಗೆ ಮತ್ತೆರಡು ಮಾಲೆ ಬಂದವು.

"ಅಮ್ಮಾ, ಇವತ್ತೊಂದು ದಿನ ಬಿಟ್ಟುಬಿಡಮ್ಮ. ಜನ ನೋಡ್ತಿದಾರೆ," ಎಂದು ಮಗಳು ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ನೋಡ್ಲಿ ಬಿಡು. ಈ ಮನುಷ್ಯನಿಗೆ ಪ್ಲಾಸ್ಟಿಕ್ ಹೊದಿಸಿ ಕಳಿಸಿದ್ರೆ ಅರ್ಧ ದಾರೀಲಿ ಎದ್ದು ಕೂತು ಬಯ್ತಾರೆ."

ಮಗಳಿಗೆ ಅಳು ಬರಬೇಕಾದ ಕಡೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ಇನ್ನೊಂದು ಕತ್ತರಿ ಹುಡುಕಲು ಒಳಗೆ ಹೋದಳು.

ಟೀಚರ್ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಊರಿಗೆ ಊರೇ ಅವರನ್ನು ಟೀಚರ್ ಎನ್ನುತ್ತಿತ್ತು, ಗಂಡನೂ ಸೇರಿದಂತೆ. ಗಂಡನಿಗೆ ಮಾತ್ರ ಕಚೇರಿಯವರು ಇಟ್ಟ ಹೆಸರು 'ಮೂವತ್ತು'. ಸುತ್ತಲ ಏಳು ಊರುಗಳ ಕಸಕ್ಕೆ ಸೇರಿ ಒಂದೇ ಯೋಜನೆ ಮಾಡುವ ಅಧಿಕಾರಿಯಾಗಿದ್ದವರು. ಏನೇ ಕೇಳಿದರೂ "ಇನ್ನು ಮೂವತ್ತು ವರ್ಷಕ್ಕೆ ಏನಾಗುತ್ತೆ ಅಂದ್ರೆ..." ಎಂದೇ ಮಾತು ಶುರು ಮಾಡುತ್ತಿದ್ದರು. ಮದುವೆ ಮನೆಗೆ ಹೋದರೂ ಹೆಣ್ಣುಗಂಡನ್ನು ನೋಡುವ ಮೊದಲು ಹಿತ್ತಿಲಿಗೆ ಹೋಗಿ, ಎಂಜಲು ಎಲ್ಲಿಗೆ ಸುರಿಯುತ್ತಾರೆ ಎಂದು ನೋಡಿಕೊಂಡು ಬರುವ ಜಾತಿ.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತವರು ಪೇಪರು ಎದೆಯ ಮೇಲಿಟ್ಟುಕೊಂಡು ಹಾಗೇ ಹೋಗಿಬಿಟ್ಟಿದ್ದರು. ಎಪ್ಪತ್ತಾರು ವರ್ಷ. ಯಾರಿಗೂ ಒಂದು ಲೋಟ ನೀರು ತರುವ ಕೆಲಸವನ್ನೂ ಕೊಟ್ಟಿರಲಿಲ್ಲ.

"ಅಣ್ಣನ ಹಾಗೆ ಸಾಯೋಕೂ ಪುಣ್ಯ ಬೇಕು," ಎಂದರು ಮೈದುನ. ಅಣ್ಣನಿಗಿಂತ ಆರು ವರ್ಷಕ್ಕೆ ಚಿಕ್ಕವರು. ಬೆಳಗಿನಿಂದ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಸಾವು ಚೆನ್ನಾಗಿ ಬಂತು. ಆದ್ರೆ ಬದುಕಿದ್ದಾಗ ಮೇಲೆ ಬರಲಿಲ್ಲ ನೋಡಿ. ತಲೆ ಇತ್ತು, ನಾಲಿಗೆ ಇರಲಿಲ್ಲ. ಆ ದೊಡ್ಡ ಹುದ್ದೆ ಇನ್ನೇನು ಸಿಕ್ಕೇಬಿಡ್ತು ಅನ್ನೋ ಹೊತ್ತಿಗೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ."

ಟೀಚರ್ ಕತ್ತರಿ ಆಡಿಸುತ್ತಲೇ ಇದ್ದರು. ಆ ಮಾತು ಮಾತ್ರ ಹಳೇ ಗಾಯಕ್ಕೆ ಉಗುರು ತಾಗಿಸಿದ ಹಾಗಾಯಿತು.

*

ಇಪ್ಪತ್ತನಾಲ್ಕು ವರ್ಷದ ಹಿಂದೆ ಈ ಮನೆಯ ಪಾತ್ರೆಗಳೆಲ್ಲ ಹದಿನೆಂಟು ರಟ್ಟಿನ ಪೆಟ್ಟಿಗೆಯೊಳಗೆ ಕೂತಿದ್ದವು. ಗಂಡನಿಗೆ ರಾಜಧಾನಿಯಲ್ಲಿ ಮುಖ್ಯ ಯೋಜನಾಧಿಕಾರಿಯ ಹುದ್ದೆ ಆಗುವುದಿತ್ತು. ಟೀಚರ್ ಅಲ್ಲಿಯ ಶಾಲೆಯೊಂದಕ್ಕೆ ಅರ್ಜಿಯನ್ನೂ ಹಾಕಿಯಾಗಿತ್ತು. ಸ್ಟಾಫ್‌ರೂಮಿನವರು ಬೀಳ್ಕೊಡುಗೆ ಮಾಡಿ, ಹಾಡು ಹೇಳಿ, ಒಂದು ಗೋಡೆ ಗಡಿಯಾರ ಕೊಟ್ಟಿದ್ದರು.

ಒಂದು ಸಂಜೆ ಗಂಡ ಬಂದು, ಎಂದಿನಂತೆ ಬೂಟು ಹೊರಗೇ ಬಿಚ್ಚಿ, ಸ್ನಾನ ಮಾಡಿ, ತಲೆ ಒರೆಸಿಕೊಳ್ಳುತ್ತಾ ಹೇಳಿದರು. "ಪಟ್ಟೀಲಿ ನನ್ನ ಹೆಸರು ಬರಲಿಲ್ಲ."

"ಯಾಕೆ?"

"ಬರಲಿಲ್ಲ ಅಷ್ಟೆ."

ಅದಕ್ಕಿಂತ ಹೆಚ್ಚು ಒಂದಕ್ಷರವನ್ನೂ ಅವರ ಬಾಯಿಂದ ಹೊರಡಿಸಲಾಗಲಿಲ್ಲ. ಟೀಚರ್ ಗಡಿಯಾರವನ್ನು ಸ್ಟಾಫ್‌ರೂಮಿಗೆ ವಾಪಸು ಕೊಟ್ಟರು. ಅಲ್ಲಿಯವರು ಅದನ್ನು ಅಲ್ಲೇ ಗೋಡೆಗೆ ತೂಗುಹಾಕಿದರು. ಮುಂದೆ ಟೀಚರ್ ನಿಜವಾಗಿ ನಿವೃತ್ತರಾದಾಗ ಅದನ್ನೇ ಬಿಚ್ಚಿ, ಧೂಳೊರೆಸಿ, ಇನ್ನೊಮ್ಮೆ ಕೊಟ್ಟರು. ಈಗ ಅದನ್ನು ನೆನೆದು ನಗಬಹುದು, ಆಗ ನಗು ಬಂದಿರಲಿಲ್ಲ. ಎರಡು ತಿಂಗಳು ಗಂಡನೊಡನೆ ಮಾತು ಮಗಳ ಮೂಲಕವೇ ನಡೆಯಿತು. "ಊಟಕ್ಕೆ ಬರಬೇಕಂತೆ ಅಂತ ನಿಮ್ಮಪ್ಪನಿಗೆ ಹೇಳು." ಪೆಟ್ಟಿಗೆಗಳನ್ನು ಹಟದಿಂದ ವರ್ಷವಿಡೀ ಬಿಚ್ಚಲಿಲ್ಲ. ಬೇಕಾದಾಗ ಬೇಕಾದ ಒಂದು ಪಾತ್ರೆಯನ್ನಷ್ಟೇ ತೆಗೆಯುತ್ತಿದ್ದರು. ಗಂಡ ಅದಕ್ಕೆ ಸುತ್ತಿದ್ದ ಪೇಪರನ್ನು ಸದ್ದಿಲ್ಲದೆ ನೀವಿ, ಅಟ್ಟಿ ಕಟ್ಟಿಡುತ್ತಿದ್ದರು.

ಒಂದು ದಿನ ತಡೆಯಲಾರದೆ ಟೀಚರ್ ಅಂದೇಬಿಟ್ಟಿದ್ದರು. "ನಿಮಗೆ ಮೂವತ್ತು ವರ್ಷದ ಆಚೆಯದು ಕಾಣುತ್ತೆ. ಎದುರಿಗೆ ನಿಂತ ಹೆಂಡತಿ ಕಾಣಲ್ಲ."

ಗಂಡ ಪೇಪರು ನೀವುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಹೆಂಡತಿಯನ್ನೇ ನೋಡಿ, ಮತ್ತೆ ನೀವತೊಡಗಿದ್ದರು.

*

ಹನ್ನೊಂದು ಗಂಟೆಗೆ ಮನೆಯ ಮುಂದೆ ಕಸದ ಘಟಕದ ವ್ಯಾನು ಬಂದು ನಿಂತಿತು. ಹಸಿರು ಕೋಟು ತೊಟ್ಟ ಹತ್ತು ಹದಿನೈದು ಜನ ಇಳಿದರು. ಕೊನೆಗೆ ಕಚೇರಿಯ ಡ್ರೈವರ್ ಮುದುಕಿಯೊಬ್ಬರನ್ನು ತೋಳು ಹಿಡಿದು ಇಳಿಸಿದರು. ಡ್ರೈವರ್ ಈ ಮನೆಗೆ ಹೊಸಬರಲ್ಲ. ಮೂವತ್ತೈದರ ಹರೆಯದಲ್ಲಿ ಸಾಹೇಬರ ಜೀಪು ಹತ್ತಿದವರು, ಈಗ ಮೀಸೆ ನೆರೆತಿದೆ. ಮುದುಕಿಯನ್ನು ಟೀಚರ್ ಕಂಡಿರಲಿಲ್ಲ, ಹೆಸರು ಮಾತ್ರ ಕೇಳಿ ಬಲ್ಲರು: ಗುಡ್ಡದಮ್ಮ. ಹಳೇ ಕಸದ ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡು, ಕಸ ಆಯ್ದು ನಾಲ್ಕು ಮಕ್ಕಳನ್ನು ಸಾಕಿದವರು.

ಗುಡ್ಡದಮ್ಮ ನೇರವಾಗಿ ಬಂದು ಸತ್ತವರ ಮುಖ ನೋಡಿದರು. "ಕನ್ನಡಕ ಎಲ್ಲಿ? ಕನ್ನಡಕ ಇಲ್ದೆ ಈ ಸಾಹೇಬ್ರಿಗೆ ಗೋಡೆ ಯಾವುದು ಬಾಗಿಲು ಯಾವುದು ಗೊತ್ತಾಗ್ತಿರಲಿಲ್ಲ." ಆಮೇಲೆ ಟೀಚರ್ ಪಕ್ಕ ಕೂತು ಚೀಲಗಳೊಳಗೆ ಕೈ ಹಾಕಿದರು. "ತಂತಿ ಬೇರೆ, ಪ್ಲಾಸ್ಟಿಕ್ ಬೇರೆ. ಪರವಾಗಿಲ್ಲ. ಆದ್ರೆ ಟೀಚರಮ್ಮ, ಈ ಹಾಳೆ ಆ ಹಾಳೆ ಒಂದೇ ಅಲ್ಲ. ಹಿಸುಕಿ ನೋಡಿ. ಇದು ಚರಚರ ಅನ್ನುತ್ತೆ, ಅದು ಅನ್ನಲ್ಲ. ಎರಡು ಚೀಲ ಮಾಡಿ."

ಟೀಚರ್ ಹಿಸುಕಿ ನೋಡಿದರು. ನಿಜ. ಮಗಳು ಮೂರನೇ ಚೀಲ ತಂದಳು.

ಬಾಗಿಲ ಬಳಿ ಮೈದುನ ಹೊಸದಾಗಿ ಬಂದವರಿಗೆ ತುತ್ತು ಬಾಯಿಗೆ ಬರದ ಕತೆಯನ್ನು ಮತ್ತೆ ಎತ್ತಿಕೊಂಡಿದ್ದರು. ಗುಡ್ಡದಮ್ಮನ ಕೈ ನಿಂತಿತು.

"ಬರಲಿಲ್ಲ ಅಂದ್ರಾ? ಯಾರು ಹೇಳಿದ್ದು ನಿಮಗೆ? ಬಂದ ತುತ್ತನ್ನ ಅವರೇ ಬಿಟ್ಟಿದ್ದು ಸ್ವಾಮಿ. ಅದೂ ನನ್ನ ದೆಸೆಯಿಂದ."

ಟೀಚರ್ ತಲೆಯೆತ್ತಿ ಡ್ರೈವರ್ ಕಡೆ ನೋಡಿದರು. ಅವರು ನೆಲ ನೋಡುತ್ತಾ ನಿಂತಿದ್ದರು.

"ಹೇಳಿ," ಎಂದರು ಟೀಚರ್. ಮುಂದೆ ಕೇಳಿದ್ದರಲ್ಲಿ ಹೆಚ್ಚಿನದನ್ನು ಗುಡ್ಡದಮ್ಮ ಹೇಳಿದರು, ಬಿಟ್ಟದ್ದನ್ನು ಡ್ರೈವರ್ ತುಂಬಿದರು.

*

ಮೊದಲ ಯೋಜನೆಯನ್ನು ಜನರ ಮುಂದಿಟ್ಟದ್ದು ಒಂದು ಶಾಲೆಯ ಸಭಾಂಗಣದಲ್ಲಿ. ವೇದಿಕೆಯ ಮೇಲೆ ಹಿರಿಯ ಅಧಿಕಾರಿಗಳು ಕೂತಿದ್ದರು, ಗೋಡೆಯ ಮೇಲೆ ದೊಡ್ಡ ನಕ್ಷೆಯಿತ್ತು. ಏಳು ಊರಿನ ಕಸದ ಗುಡ್ಡಗಳನ್ನೂ ಮುಚ್ಚಿ, ಒಂದೇ ಕಡೆ ತಂದು, ಯಂತ್ರದಲ್ಲಿ ಬೇರ್ಪಡಿಸಿ, ಉಳಿದದ್ದನ್ನು ಹೂಳುವ ಏರ್ಪಾಡು. ಸುತ್ತಲೂ ಬೇಲಿ, ಒಂದೇ ಗೇಟು. ಮೂವತ್ತು ವರ್ಷದ ಮಾತು.

ಗುಡ್ಡದಮ್ಮ ತಲೆಯ ಮೇಲೆ ಚೀಲ ಹೊತ್ತುಕೊಂಡು ಹೋಗಿ, ತಡೆಯುವಷ್ಟರಲ್ಲಿ ಅದನ್ನು ನಕ್ಷೆಯ ಮುಂದೆಯೇ ಸುರಿದುಬಿಟ್ಟರು.

"ಇದರಲ್ಲಿ ಎಷ್ಟು ಥರ ಕಸ ಇದೆ, ಹೇಳಿ ಸಾಹೇಬ್ರೆ."

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಪ್ಲಾಸ್ಟಿಕ್, ಗಾಜು, ಲೋಹ, ಕಾಗದ, ಬಟ್ಟೆ, ರಬ್ಬರು. ಆರು."

ಗುಡ್ಡದಮ್ಮ ಕುಕ್ಕರಗಾಲಲ್ಲಿ ಕೂತು ಗುಪ್ಪೆ ಹಾಕತೊಡಗಿದರು. ಹಾಲಿನ ಕವರು ಒಂದು, ಬ್ರೆಡ್ಡಿನ ಕವರು ಒಂದು. ಎಣ್ಣೆ ಡಬ್ಬಿ ಬೇರೆ, ಅದರ ಮುಚ್ಚಳ ಬೇರೆ. ಬಿಳಿ ಗಾಜು, ಕಂದು ಗಾಜು. ತಾಮ್ರದ ತಂತಿ, ಕಬ್ಬಿಣದ ತಂತಿ. ಚಪ್ಪಲಿಯ ಅಟ್ಟೆ ಬೇರೆ, ಪಟ್ಟಿ ಬೇರೆ. ಸಭೆಯಲ್ಲಿ ನಗುತ್ತಿದ್ದವರು ಹತ್ತನೇ ಗುಪ್ಪೆಗೆ ಸುಮ್ಮನಾದರು. ಹದಿನೈದನೆಯದಕ್ಕೆ ಸಾಹೇಬರು ವೇದಿಕೆ ಇಳಿದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆದುಕೊಳ್ಳತೊಡಗಿದರು. "ಇದನ್ನ ಹೇಗೆ ಗುರುತು ಹಿಡಿತೀರಿ?" "ವಾಸನೆ ನೋಡಿ." ಅವರು ವಾಸನೆಯನ್ನೂ ನೋಡಿದರು.

ಮೂವತ್ತೊಂದು ಗುಪ್ಪೆಯಾದವು.

"ನಿಮ್ಮ ನಕ್ಷೇಲಿ ಬೇಲಿ ಇದೆ, ಗೇಟಿದೆ, ಯಂತ್ರ ಇದೆ," ಎಂದರು ಗುಡ್ಡದಮ್ಮ. "ನಾವು ನೂರಾ ನಲವತ್ತು ಜನ ಎಲ್ಲಿದೀವಿ?"

ಸಾಹೇಬರು ನಕ್ಷೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಎಲ್ಲೋ ಇರಬಹುದು ಎನ್ನುವಂತೆ. ಆಮೇಲೆ ಎದ್ದು ನಿಂತು ಹೇಳಿದರು. "ಈ ಯೋಜನೇಲಿ ಇಪ್ಪತ್ತೈದು ಥರದ ಕಸ ಬಿಟ್ಟುಹೋಗಿದೆ. ಅದನ್ನ ಬಲ್ಲ ಜನಾನೂ ಬಿಟ್ಟುಹೋಗಿದಾರೆ. ನಾನು ವಾಪಸ್ ತಗೋತೀನಿ. ಒಂದು ವರ್ಷ ಬೇಕು."

"ಏನ್ರೀ ಇದು?" ಎಂದರು ಮೇಲಧಿಕಾರಿ, ಮೈಕಿಗೆ ಕೈ ಅಡ್ಡ ಹಿಡಿದು. "ಇದು ಪಾಸಾದ್ರೆ ತಾನೇ ನಿಮ್ಮ ಹೆಸರು ಮೇಲೆ ಹೋಗೋದು?"

"ಗೊತ್ತು ಸಾರ್."

*

ಟೀಚರ್ ಮಡಿಲಲ್ಲಿ ಒಂದು ಮಾಲೆ ಅರ್ಧ ಬಿಚ್ಚಿ ಬಿದ್ದಿತ್ತು.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದು ಕೇಳಿದರು. ಕೇಳಿದ್ದು ಡ್ರೈವರನ್ನೋ ಗಂಡನನ್ನೋ ತಿಳಿಯುವಂತಿರಲಿಲ್ಲ.

ಡ್ರೈವರ್ ಮುಂದೆ ಬಂದರು. "ಅವತ್ತು ಜೀಪಲ್ಲಿ ನಾನೂ ಅದನ್ನೇ ಕೇಳಿದೆ ಟೀಚರ್. ಮನೇಲಿ ಹೇಳ್ತೀರಾ ಸಾರ್ ಅಂತ. ಇಲ್ಲ ಅಂದ್ರು. ಹೇಳಿದ್ರೆ ಅವಳು 'ಒಳ್ಳೇದೇ ಮಾಡಿದ್ರಿ' ಅಂತಾಳೆ, ಅವಳ ಮನಸ್ಸು ಅಂಥದ್ದು ಅಂದ್ರು. ಹಾಗಂದುಬಿಟ್ರೆ ಆಮೇಲೆ ಪಾಪ ಬಯ್ಯೋಕೂ ಆಗಲ್ಲ. ಹೊರಡೋದಂತೂ ತಪ್ಪಿತು, ಸಿಟ್ಟಾದ್ರೂ ಇರಲಿ ಅವಳಿಗೆ ಅಂದ್ರು."

ಮಗಳು ತಾಯಿಯ ಭುಜ ಹಿಡಿದುಕೊಂಡಳು. ಟೀಚರ್ ಅಳುತ್ತಾರೆಂದು ಎಲ್ಲರೂ ಅಂದುಕೊಂಡರು. ಅತ್ತರು ಕೂಡ, ನಿನ್ನೆಯಿಂದ ಮೊದಲ ಸಲ. ಆದರೆ ಅಳುವಿನ ನಡುವೆಯೇ ನಗು ನುಗ್ಗಿ ಬಂದು ಎರಡೂ ಗಂಟು ಬಿದ್ದವು.

"ಕಳ್ಳ!" ಎಂದರು, ಗಂಡನ ಮುಖ ನೋಡಿ. "ಎರಡು ತಿಂಗಳು ಬೈಸಿಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದ ಕಳ್ಳ!"

ಮೈದುನ ಕುರ್ಚಿಯಿಂದೆದ್ದು ಅಣ್ಣನ ತಲೆದೆಸೆಯಲ್ಲಿ ಹೋಗಿ ನಿಂತರು. ಆಮೇಲೆ ಬಂದವರಿಗೆ ಅವರು ತುತ್ತಿನ ಕತೆ ಹೇಳಲಿಲ್ಲ. ಮೂವತ್ತೊಂದು ಗುಪ್ಪೆಯ ಕತೆ ಹೇಳಿದರು, ತಾವೇ ಆ ಸಭೆಯಲ್ಲಿದ್ದವರ ಹಾಗೆ. "ಕಸದಿಂದ ರಸ ಅಂತಾರಲ್ಲ, ನಮ್ಮಣ್ಣ ಅದನ್ನ ನೆಲದ ಮೇಲೆ ಕೂತು ಕಲಿತವನು."

ಮಧ್ಯಾಹ್ನ ಮಣ್ಣು ಮಾಡಿದರು. ಹಸಿರು ಕೋಟಿನವರು ಸರದಿಯಂತೆ ಹೆಗಲು ಕೊಟ್ಟರು. ಗುಡ್ಡದಮ್ಮ ಒಂದು ಹಿಡಿ ಮಣ್ಣು ಹಾಕುವ ಮೊದಲು ಅದರೊಳಗಿದ್ದ ಗಾಜಿನ ಚೂರನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು.

ವಾಪಸು ಬರುವಾಗ ಮೂರು ದಾರಿ ಕೂಡುವಲ್ಲಿ ಟೀಚರ್ ವ್ಯಾನು ನಿಲ್ಲಿಸಲು ಹೇಳಿದರು. "ಘಟಕ ಯಾವ ಕಡೆ?"

"ಎಡಕ್ಕೆ, ಟೀಚರ್. ಇಲ್ಲಿಂದ ಹತ್ತು ನಿಮಿಷ."

"ನಡೀರಿ."

ಆ ದಾರಿಯನ್ನು ಅವರು ಒಮ್ಮೆಯೂ ತುಳಿದಿರಲಿಲ್ಲ. ಘಟಕ ಶುರುವಾದ ವರ್ಷ ಗಂಡ ಒಂದೇ ಒಂದು ಸಲ ಕರೆದಿದ್ದರು. "ತಿಪ್ಪೆ ನೋಡೋಕೆ ಯಾರಾದ್ರೂ ತಲೆ ಬಾಚಿಕೊಂಡು ಹೊರಡ್ತಾರಾ?" ಎಂದು ಟೀಚರ್ ಅಂದದ್ದಕ್ಕೆ ನಕ್ಕು ಸುಮ್ಮನಾಗಿದ್ದರು. ಇನ್ನೊಮ್ಮೆ ಕರೆಯುವ ಸ್ವಭಾವ ಅವರದಲ್ಲ.

ವಾಸನೆ ಇತ್ತು, ಅಂದುಕೊಂಡಷ್ಟು ಇರಲಿಲ್ಲ. ಉದ್ದನೆಯ ಶೆಡ್ಡಿನಲ್ಲಿ ಸೊಂಟದೆತ್ತರದ ಗೋಡೆ ಕಟ್ಟಿ ಮೂವತ್ತೊಂದು ಖಾನೆ ಮಾಡಿದ್ದರು. ಒಂದೊಂದರ ಮುಂದೆಯೂ ಒಂದೊಂದು ಮಾದರಿಯನ್ನು ಮೊಳೆಗೆ ತೂಗುಹಾಕಿತ್ತು: ಒಂದು ಮುಚ್ಚಳ, ಒಂದು ಚಪ್ಪಲಿ ಪಟ್ಟಿ, ಒಂದು ಹಾಲಿನ ಕವರು. ಓದು ಬಾರದವರೂ ತಪ್ಪುವಂತಿರಲಿಲ್ಲ. ಟೀಚರ್ ಎಲ್ಲವನ್ನೂ ಎಣಿಸುತ್ತಾ ಕೊನೆಯವರೆಗೂ ನಡೆದರು.

ಶೆಡ್ಡಿನ ಹಿಂದೆ ದೊಡ್ಡ ಗುಂಡಿ. ಯಾರಿಗೂ ಯಾವುದಕ್ಕೂ ಬಾರದ ಕಸವನ್ನು ಅಲ್ಲಿ ಹಾಸಿ, ದಿನದಿನವೂ ಮೇಲೆ ಮಣ್ಣು ಮುಚ್ಚುತ್ತಿದ್ದರು. ನೆಲ ಗಟ್ಟಿಯಾಗಿತ್ತು. ಇಳಿಜಾರಿನ ದಾರಿಯಲ್ಲಿ ಡ್ರೈವರ್ ಕೈ ಹಿಡಿದು ಇಳಿಸಿದರು. ನಡುವೆ ಒಂದು ಕಂಬ ನೆಟ್ಟಿತ್ತು. ಅದರ ಮೇಲೆ ಅಡಿಗೊಂದರಂತೆ ಗೆರೆ, ಗೆರೆಗೊಂದು ಅಂಕಿ, ತುದಿಯಲ್ಲಿ ಮೂವತ್ತು.

"ಇದು ಅವರ ಕೈಬರಹ," ಎಂದರು ಟೀಚರ್. ಏಳರ ಸೊಂಟಕ್ಕೆ ಅಡ್ಡಗೀಟು ಎಳೆಯುವವರು ಅವರೊಬ್ಬರೇ.

"ಗುಂಡಿ ತೋಡಿದ ವರ್ಷ ಅವರೇ ಏಣಿ ಹತ್ತಿ ಬರೆದಿದ್ದು," ಎಂದರು ಗುಡ್ಡದಮ್ಮ. "ಯಾವ ವರ್ಷ ಕಸ ಎಲ್ಲೀತನಕ ಬರುತ್ತೆ ಅಂತ."

"ಶುರುವಾಗಿ ಈಗ ಎಷ್ಟನೇ ವರ್ಷ?"

"ಇಪ್ಪತ್ತೆರಡು."

ಟೀಚರ್ ಕಾಲಬುಡ ನೋಡಿದರು. ಮಣ್ಣು ಹದಿನೈದರ ಗೆರೆಗೆ ತಾಗಿ ನಿಂತಿತ್ತು. ತುಟಿಯಲ್ಲೇ ಗುಣಿಸಿ ಭಾಗಿಸಿದರು.

"ಹೀಗೇ ಹೋದ್ರೆ ನಲವತ್ತನಾಲ್ಕು ವರ್ಷ ಬರುತ್ತೆ ಇದು. ಅವರ ಲೆಕ್ಕ ತಪ್ಪಿದೆ."

"ತಪ್ಪಿಸಿದ್ದು ನಾವು! ನಾವು ಆರಿಸಿದಷ್ಟೂ ಗುಂಡಿಗೆ ಬೀಳೋದು ಕಮ್ಮಿ," ಎಂದರು ಗುಡ್ಡದಮ್ಮ, ಮುಖವೆಲ್ಲ ನಗುವಾಗಿ. "ವರ್ಷಕ್ಕೊಂದು ಸಲ ಬಂದು ನೋಡಿ, ಮತ್ತೆ ತಪ್ಪಿತಲ್ಲಾ ಅಂತ ಕುಣೀತಿದ್ರು ನಿಮ್ಮ ಯಜಮಾನ್ರು."

ಮೇಲೆ ಶೆಡ್ಡಿನಲ್ಲಿ ಯಾರೋ ಬಾಟಲಿಗಳ ಬುಟ್ಟಿ ಸುರಿದ ಸದ್ದಾಯಿತು. ಟೀಚರ್ ಕಂಬಕ್ಕೆ ಒಂದು ಕೈ ಆನಿಸಿಕೊಂಡು, ಹಿಮ್ಮಡಿ ಎತ್ತಿ ಇನ್ನೊಂದು ಕೈಯನ್ನು ಮೇಲಕ್ಕೆ ಚಾಚಿದರು. ಇಪ್ಪತ್ತೆರಡರ ಗೆರೆ ಬೆರಳ ತುದಿಗೆ ಇನ್ನೂ ಒಂದು ಗೇಣು ಎತ್ತರದಲ್ಲಿತ್ತು.