ಮಾತಾಡಿಸುವ ಕೆಲಸ

ನಮ್ಮ ವೈನಿ ದಿನಕ್ಕೆ ಎಷ್ಟು ಮಾತಾಡುತ್ತಾಳೆಂದು ಒಮ್ಮೆ ಎಣಿಸಿದ್ದೆ. ಕಾಲೇಜಿನ ರಜೆಗೆ ನಮ್ಮೂರು ಆಡಕಿಗೆ ಬಂದಿದ್ದೆ, ಬೇರೆ ಕೆಲಸವಿರಲಿಲ್ಲ. ಬೆಳಗಿನಿಂದ ದೀಪ ಹಚ್ಚುವ ತನಕ ಮೂವತ್ತೊಂದು ಮಾತು. ಅದರಲ್ಲಿ ಒಂಬತ್ತು ಎತ್ತಿಗೆ, ಎರಡು ಬೆಕ್ಕಿಗೆ.

ಹೆಸರು ನೀಲಾಬಾಯಿ. ನನ್ನ ಅಣ್ಣ ಅಂಬಾರಾಯನ ಹೆಂಡತಿ. ನನಗೆ ಎಂಟು ವರ್ಷವಿದ್ದಾಗ ಅವ್ವ ಸತ್ತಳು; ಅದೇ ವರ್ಷ, ಹದಿನೈದರ ವೈನಿ ನಮ್ಮ ಮನೆಗೆ ಬಂದಳು. ಊಟಕ್ಕೆ ಅವಳು ನನ್ನನ್ನು ಕೂಗಿ ಕರೆದದ್ದಿಲ್ಲ. ತಟ್ಟೆಯನ್ನು ನೆಲಕ್ಕೆ ಕೊಂಚ ಜೋರಾಗಿ ಇಡುತ್ತಿದ್ದಳು, ನಾನು ಎಲ್ಲಿದ್ದರೂ ಓಡಿ ಬರುತ್ತಿದ್ದೆ. ಜ್ವರ ಬಂದರೆ ಹಣೆಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಹೇಗಿದೆ ಎಂದು ಕೇಳುತ್ತಿರಲಿಲ್ಲ, ಕೈಗೆ ಗೊತ್ತಾಗುತ್ತಿತ್ತು.

ಅವಳ ಮೇಲೆ ನಮ್ಮ ಅಕ್ಕ ರತ್ನಾಬಾಯಿಯ ದೂರು ಒಂದೇ. ಮದುಮಗಳು ಮನೆ ತುಂಬುವಾಗ ಹೊಸ್ತಿಲಿಗೆ ಅಡ್ಡ ನಿಂತು, ಒಡಪು, ಎಂದರೆ ಪ್ರಾಸದ ಎರಡು ಸಾಲು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ನಮ್ಮಲ್ಲಿ ರೂಢಿ. ಒಡಪಿನಲ್ಲಿ ಬಿಟ್ಟರೆ ಬೇರೆಲ್ಲೂ ಹೆಂಡತಿ ಗಂಡನ ಹೆಸರು ಎತ್ತುವಂತಿಲ್ಲ. ಅಂದು ವೈನಿ ತಲೆ ತಗ್ಗಿಸಿ ನಿಂತದ್ದು ನಿಂತೇ ಇದ್ದಳು. ಆರತಿಯ ದೀಪ ಆರುವ ಹೊತ್ತಾದಾಗ ಅಪ್ಪನೇ, "ಬಿಡ್ರಿ, ಕೂಸು ಅಂಜ್ಯಾದ" ಎಂದು ಒಳಗೆ ಕರೆದರು. ಮುಂದೆ ಯಾರ ಮನೆಯ ಮದುವೆ, ತೊಟ್ಟಿಲಾದರೂ ಅಕ್ಕ ಬಿಡುತ್ತಿರಲಿಲ್ಲ. "ಹೆಸರ ಹೇಳದೇ ಒಳಗ ಬಂದಾಕಿ ನೀ. ಇವತ್ತರ ಹೇಳ" ಎನ್ನುತ್ತಿದ್ದಳು. ವೈನಿ ನಕ್ಕು ಅಡುಗೆಮನೆಗೆ ಜಾರುತ್ತಿದ್ದಳು. ಹದಿನಾರು ವರ್ಷ ಹಾಗೇ ಕಳೆಯಿತು.

ಕುತ್ತಿಗೆಯಲ್ಲಿ ಗಂಟು ಮೊದಲು ಕಂಡಾಗ ನೆಲ್ಲಿಕಾಯಷ್ಟಿತ್ತು. ಅವಳು ಸೆರಗನ್ನು ಮೇಲಕ್ಕೆಳೆದುಕೊಂಡಳು. ಬದನೆಕಾಯಷ್ಟಾದಾಗ ಸೆರಗಿಗೂ ಮುಚ್ಚಲಾಗಲಿಲ್ಲ. ಹೈದರಾಬಾದಿನ ಪೊಲೀಸ್ ಆಕ್ಷನ್ ಆಗಿ ಐದು ವರ್ಷವಾಗಿತ್ತು; ನಾನು ಬಿ.ಎ. ಮುಗಿಸಿ ಸೇಡಂ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಒಂದು ಭಾನುವಾರ ಊರಿಗೆ ಹೋದಾಗ ಅಣ್ಣ ಪಡಸಾಲೆಯ ಗೋಡೆಗೆ ಜೋಳದ ಚೀಲ ಆನಿಸಿ, ಅದರ ಮೇಲೆ ಕೌದಿ ಹೊದಿಸುತ್ತಿದ್ದ.

"ಇದೇನಣ್ಣಾ?"

"ನಿಮ್ಮ ವೈನಿಗಿ ಹಾಸಿಗಿ. ಅಡ್ಡ ಬಿದ್ರ ಉಸರ ಕಟ್ಟತದ. ಕುಂತೇ ಮಲಗ್ಲಿಕತ್ತಾಳ, ಎರಡು ತಿಂಗಳಾತು."

"ನನಗ್ಯಾಕ ಹೇಳಿಲ್ಲ?"

"ನನಗೇ ಆಕಿ ಹೇಳಿಲ್ಲ. ನಾ ಎದ್ದು ನೋಡ್ದೆ."

ಮರುದಿನವೇ ಗಾಡಿ ಕಟ್ಟಿಸಿ ಸೇಡಮ್ಮಿಗೆ ಬಂದೆವು. ಅಲ್ಲಿಂದ ರೈಲು, ಚಿತ್ತಾಪುರ ದಾಟಿ, ವಾಡಿಯಲ್ಲಿ ಬದಲಿಸಿ, ಶಹಾಬಾದಿಗೆ. ಅಲ್ಲಿಯ ದವಾಖಾನೆಗೆ ತಿಂಗಳಿಗೊಮ್ಮೆ ಹೈದರಾಬಾದಿನಿಂದ ಶಸ್ತ್ರಚಿಕಿತ್ಸೆಯ ಡಾಕ್ಟರು ಬರುತ್ತಾರೆಂದು ಕೇಳಿದ್ದೆ. ನಮ್ಮ ಪುಣ್ಯಕ್ಕೆ ಆ ವಾರವೇ ಬಂದಿದ್ದರು. ಹೆಸರು ಶೌಕತ ಅಲಿ. ತೆಳ್ಳಗಿನ ಮನುಷ್ಯ, ಮೆಲ್ಲಗಿನ ಉರ್ದು. ವೈನಿಯ ಕುತ್ತಿಗೆಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ನೀರು ಗುಟುಕರಿಸಲು ಹೇಳಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದ್ದಿಷ್ಟು: ಗಂಟು ಶ್ವಾಸನಾಳವನ್ನು ಒತ್ತುತ್ತಿದೆ, ತೆಗೆಯದಿದ್ದರೆ ಒಂದು ದಿನ ಉಸಿರೇ ನಿಲ್ಲುತ್ತದೆ. ನಾಳ ಇಷ್ಟು ಕಿರಿದಾಗಿರುವಾಗ ಮೂರ್ಛೆಯ ಔಷಧ ಕೊಡಲು ಧೈರ್ಯವಿಲ್ಲ. ಕುತ್ತಿಗೆಯಷ್ಟಕ್ಕೆ ಸೂಜಿಮದ್ದು ಹಾಕಿ, ಎಚ್ಚರವಿರುವಾಗಲೇ ಕೊಯ್ಯಬೇಕು. ಗಂಟಿನ ಬೆನ್ನಿಗೆ ಅಂಟಿಕೊಂಡಂತೆ ಧ್ವನಿಯ ನರ ಹೋಗುತ್ತದೆ. ಹೊಲಿಗೆಯ ದಾರದಷ್ಟು ಸಣ್ಣದು. ಅದಕ್ಕೆ ಪೆಟ್ಟಾದರೆ ಧ್ವನಿ ಹೋಯಿತು.

"ಅದು ಎಲ್ಲಿದೆಯೆಂದು ಹೇಗೆ ತಿಳಿಯುತ್ತದೆ, ಸಾಹೇಬ್?"

"ಅವರ ಮಾತಿನಿಂದ. ನಾನು ಕೆಲಸ ಮಾಡುವಷ್ಟು ಹೊತ್ತು ಅವರು ಮಾತಾಡುತ್ತಿರಬೇಕು. ಧ್ವನಿ ಒಡೆದರೆ, ನಿಂತರೆ, ನನ್ನ ಕೈ ತಪ್ಪು ಜಾಗದಲ್ಲಿದೆ ಎಂದರ್ಥ. ನನಗೆ ಕನ್ನಡ ಬಾರದು. ಮಾತಾಡಿಸುವ ಕೆಲಸ ನಿಮ್ಮದು."

ಇದನ್ನೆಲ್ಲ ಅಣ್ಣನಿಗೂ ವೈನಿಗೂ ಕನ್ನಡದಲ್ಲಿ ಹೇಳಿದೆ. ಅಣ್ಣ ಕೇಳಿ, "ಆಕಿ ಧ್ವನಿ ಹೋದ್ರೂ ನಮ್ಮನ್ಯಾಗ ಯಾರಿಗೂ ಒಂದು ವಾರ ಗೊತ್ತಾಗಂಗಿಲ್ಲ ಬಿಡು" ಎಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಧೋತರದ ಅಂಚನ್ನು ಮಡಿಸುತ್ತ, ಬಿಚ್ಚುತ್ತ ನಿಂತ.

ಅವನು ನೀರು ತರಲು ಹೋದಾಗ ವೈನಿ ನನ್ನ ತೋಳು ಹಿಡಿದಳು.

"ತಮ್ಮಾ, ಭಾಳ ಇದ್ದವರದು ಒಂದಿಷ್ಟು ಹೋದ್ರ ನಡೀತದ. ನಂದು ಇರೋದೇ ಇಷ್ಟು. ಇದು ಹೋಗಬಾರದು ಅಂತ ಸಾಹೇಬರಿಗಿ ಹೇಳು."

ಹೇಳಿದೆ. ಡಾಕ್ಟರು ಅವಳತ್ತ ತಿರುಗಿ, ಎದೆಗೆ ಕೈಯಿಟ್ಟು ತಲೆ ಬಾಗಿಸಿದರು.

ಮರುದಿನ ಬೆಳಗ್ಗೆ ನರ್ಸ್ ಹಮೀದಾಬೇಗಂ ಅವಳನ್ನು ತಯಾರು ಮಾಡಿದರು. ಅವರು ಚಿತ್ತಾಪುರದವರು, ಕನ್ನಡ ನಮ್ಮಂತೆಯೇ ಆಡುತ್ತಿದ್ದರು. ಕೊರಳಲ್ಲಿ ಏನೂ ಇರಕೂಡದೆಂದಾಗ ವೈನಿ ಲಿಂಗದ ಕರಡಿಗೆಯನ್ನೂ ತಾಳಿಯನ್ನೂ ಮುಷ್ಟಿಯಲ್ಲಿ ಬಿಗಿಹಿಡಿದಳು.

"ಅಂಜಬ್ಯಾಡ್ರಿ, ಅಕ್ಕಾ. ನಿಮ್ಮ ಮಂದೀನ ನಾ ಭಾಳ ನೋಡೀನಿ. ಮೈ ಬಿಟ್ಟು ಹೋಗಬಾರದು, ಅಷ್ಟೇ ಹೌದಿಲ್ಲ?" ಎಂದು ಲಿಂಗವನ್ನು ಎಡತೋಳಿಗೆ ಕಟ್ಟಿದರು, ತಾಳಿಯನ್ನು ಮುಂಗೈಗೆ ಸುತ್ತಿದರು. ಆಮೇಲೆ ನನ್ನತ್ತ ತಿರುಗಿ, "ಮಾಸ್ತರ, ಒಳಗ ನನ್ನ ಬಾಯಿಗಿ ಬಟ್ಟಿ, ಕೈಯಾಗ ಕತ್ತರಿ. ನನ್ನ ಮಾರಿ ನೋಡಬ್ಯಾಡ್ರಿ. ನೀವೇ ಬಡಬಡಿಸ್ರಿ" ಎಂದರು.

ಒಳಗೆ ನನಗೂ ಬಿಳಿ ಅಂಗಿ ತೊಡಿಸಿ, ವೈನಿಯ ತಲೆಯ ಬಳಿ ಸ್ಟೂಲು ಹಾಕಿದರು. ಅವಳ ಗದ್ದದ ಕೆಳಗೆ ಅಡ್ಡ ಬಟ್ಟೆ ಕಟ್ಟಿದ್ದರು; ಈಚೆ ಅವಳ ಮುಖ, ಆಚೆ ಡಾಕ್ಟರ ಕೈ. ಬೆನ್ನಿಗೆ ದಿಂಬು ಕೊಟ್ಟು ಅರೆ ಕೂರಿಸಿದ್ದರು. ಬಲಗೈಯನ್ನು ನಾನು ಹಿಡಿದುಕೊಂಡೆ. ಕಿಟಕಿಯಾಚೆ ದೂರದ ಗಣಿಯಲ್ಲಿ ಕಲ್ಲು ಸೀಳುವ ಸದ್ದು ಒಂದೇ ಸಮ ಬರುತ್ತಿತ್ತು.

"ವೈನಿ, ಎತ್ತಿನ ಹೆಸರೇನ್ರಿ?"

"ಬಸ್ಯಾ. ಕರಿಯಾ."

"ಈ ಸಲ ಏನು ಬಿತ್ತೀವಿ?"

"ತೊಗರಿ."

"ಕಾಗಿಣಾ ಹೊಳಿ ಹೊಲಕ್ಕ?"

"ಜ್ವಾಳ."

"ಜ್ವಾಳದ ರೊಟ್ಟಿ ಹೆಂಗ ಮಾಡ್ತಾರ್ರಿ?"

"ಬಡೀತಾರ."

ಡಾಕ್ಟರು ತಲೆಯೆತ್ತದೆ ಕೇಳಿದರು: "ನಿಮ್ಮ ಮೇಲೆ ಸಿಟ್ಟೇನು ಇವರಿಗೆ?"

"ಇಲ್ಲ ಸಾಹೇಬ್. ಇವರು ಇರುವುದೇ ಹೀಗೆ."

"ಬೇರೆ ರೋಗಿಗಳನ್ನು ಮಾತು ನಿಲ್ಲಿಸಿ ಎಂದು ಬೇಡಿಕೊಂಡದ್ದುಂಟು," ಎಂದರು ಅವರು.

ನಾನು ಕೇಳುತ್ತ ಹೋದೆ. ಅವಳ ತವರು ಐನಾಪುರದ ಓಣಿಗಳು, ಅಕ್ಕನ ಮಕ್ಕಳು, ಬಾವಿಯ ಮೆಟ್ಟಿಲು. ಕಡೆಗೆ ಒಂದರಿಂದ ನೂರರ ತನಕ ಎಣಿಸಲು ಹೇಳಿದೆ. ಅರವತ್ತರ ಹೊತ್ತಿಗೆ ಅವಳ ಹಣೆಯಲ್ಲಿ ಬೆವರೊಡೆಯಿತು. ನೂರು ಮುಗಿಯಿತು. ಆಗಲೇ ಡಾಕ್ಟರು ಹೇಳಿದರು: "ಈಗ ನರದ ಹತ್ತಿರ ಬಂದಿದ್ದೇನೆ. ಈಗ ನಿಲ್ಲಿಸಬೇಡಿ."

ನನ್ನ ತಲೆ ಬರಿದಾಗಿತ್ತು. ಓದಿದ್ದು, ಕಂಡದ್ದು ಯಾವುದೂ ನೆನಪಿಗೆ ಬರಲಿಲ್ಲ. ಹೊರಗೆ ಪಡಸಾಲೆಯಲ್ಲಿ ಅಣ್ಣ ಕೆಮ್ಮಿದ್ದು ಕೇಳಿಸಿತು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ:

"ವೈನಿ, ನಮ್ಮಣ್ಣನ ಹೆಸರೇನ್ರಿ?"

ಅವಳು ಸುಮ್ಮನಾದಳು.

ಡಾಕ್ಟರ ಕೈ ನಿಂತಿತು. ಬಟ್ಟೆಯ ಮೇಲಂಚಿನಲ್ಲಿ ಅವರ ಕಣ್ಣು ಮಾತ್ರ ಕಂಡಿತು. "ಆವಾಜ್?" ಎಂದರು. ವೈನಿಯ ತುಟಿ ಅಲುಗಿತು, ಮುಚ್ಚಿಕೊಂಡಿತು. "ಆವಾಜ್ ಎಲ್ಲಿ ಹೋಯಿತು? ನಾನೇನೂ ಮುಟ್ಟಿಲ್ಲವಲ್ಲ..." ಅವರ ದನಿಯಲ್ಲಿ ಆ ತನಕ ಇರದಿದ್ದ ನಡುಕವಿತ್ತು. ಅವಳ ಮೌನವನ್ನು ಹದಿನಾರು ವರ್ಷ ಓದಿಕೊಂಡು ಬಂದವನು ನಾನು. ಇದು ಯಾವ ಮೌನವೆಂದು ಆ ಗಳಿಗೆ ತಿಳಿಯಲಿಲ್ಲ. ಗಣಿಯ ಸದ್ದು ಮಾತ್ರ ಕೇಳುತ್ತಿತ್ತು.

"ಏ ಮಾಸ್ತರ!" ಹಮೀದಾಬೇಗಂ ಬಾಯಿಬಟ್ಟೆಯೊಳಗಿಂದಲೇ ಗದರಿದರು. "ಯಾರರ ಹೆಣ್ಮಕ್ಕಳಿಗಿ ಗಂಡನ ಹೆಸರು ಕೇಳ್ತಾರೇನ್ರಿ? ಬಿ.ಎ. ಓದೀರಂತ, ಇಷ್ಟು ತಿಳೀಲಿಲ್ಲ?" ಡಾಕ್ಟರಿಗೆ ಉರ್ದುವಿನಲ್ಲಿ ಹೇಳಿದರು: ನರಕ್ಕೇನೂ ಆಗಿಲ್ಲ ಸಾಹೇಬ್, ಗಂಡನ ಹೆಸರು ಕೇಳಿಬಿಟ್ಟಿದ್ದಾರೆ.

"ಹಾಗಾದರೆ ಬೇರೆ ಏನಾದರೂ ಕೇಳಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ನನ್ನ ಕೈ ಒತ್ತಿದಳು. ಕಣ್ಣು ಚಾವಣಿಯಲ್ಲಿತ್ತು. ಆ ಮೇಜಿನ ಮೇಲೆ, ಆ ಬೆಳಕಿನಲ್ಲಿ, ತಡೆತಡೆದು ಹೇಳಿದಳು:

"ಕಾಗಿಣಾ ತುಂಬಿ ಬಂದು ದಂಡಿಗಿ ನಿಂತದ,
ಅಂಬಾರಾಯರ ಹೆಸರು ಕೊರಳಾಗ ಕುಂತದ."

ದನಿ ತಗ್ಗಿತ್ತು, ದಪ್ಪಗಿತ್ತು. ಆದರೆ ಅವಳದೇ ಆಗಿತ್ತು. ಡಾಕ್ಟರ ಕೈ ಮತ್ತೆ ಆಡಿತು. "ಇನ್ನೊಮ್ಮೆ" ಎಂದರು. ಅವಳು ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆ ಎಂದರು, ಮತ್ತೊಮ್ಮೆ ಹೇಳಿದಳು. ಗಂಟು ಹೊರಬರುವ ತನಕ ಆ ಎರಡೇ ಸಾಲು, ಅದೆಷ್ಟು ಸಲವೋ. ಹದಿನೈದರ ಹುಡುಗಿ ಹೊಸ್ತಿಲಲ್ಲಿ ನಿಂತಾಗಲೇ ಅದನ್ನು ಕಟ್ಟಿಟ್ಟುಕೊಂಡಿದ್ದಳೋ, ಆ ಗಳಿಗೆಯಲ್ಲಿ ಹುಟ್ಟಿತೋ, ನಾನು ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಹಮೀದಾಬೇಗಂ ನನ್ನೊಂದಿಗೆ ಪಡಸಾಲೆಗೆ ಬಂದು ಅಣ್ಣನ ಎದುರು ನಿಂತರು.

"ಅಂಬಾರಾಯ ಅಂದ್ರ ನೀವೇ ಏನ್ರಿ?"

ಅಣ್ಣ ಗಾಬರಿಯಿಂದ ಎದ್ದ. "ಹೌದ್ರಿ. ಹೆಂಗದಾಳ್ರಿ? ನನ್ನ ಹೆಸರು ನಿಮಗ್ಯಾರು ಹೇಳಿದ್ರು?"

"ಆಕೀನೇ."

"ಆಕಿ ಹೇಳಂಗಿಲ್ರಿ."

"ಒಂದ್ಸಲ ಅಲ್ಲ, ನಲವತ್ತು ಸಲ ಹೇಳ್ಯಾಳ. ನನಗೇ ಬಾಯಿಪಾಠ ಆಗ್ಯಾದ."

ಅಣ್ಣ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಕಂಬಕ್ಕೆ ಒರಗಿ ಕುಳಿತು, ರುಮಾಲು ಬಿಚ್ಚಿ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. "ಏನಂತ ಹೇಳಿದ್ಲೋ?" ಎಂದು ಕೇಳಿದ. ಅದನ್ನು ಅವನು ನನ್ನ ಬಾಯಿಂದ ಕೇಳಬಾರದೆನಿಸಿತು. "ಆಕೀನ್ನೇ ಕೇಳು" ಎಂದೆ.

ಮೂರು ದಿನ ಮಾತಾಡಕೂಡದೆಂದು ಡಾಕ್ಟರ ಅಪ್ಪಣೆ. ಅದೊಂದು ಅಪ್ಪಣೆಯನ್ನು ಅವಳಷ್ಟು ಸುಲಭವಾಗಿ ಪಾಲಿಸಿದ ರೋಗಿ ಆ ದವಾಖಾನೆಯಲ್ಲಿ ಬೇರೆ ಇರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅಣ್ಣ ಮಂಚದ ಪಕ್ಕ ಕುಳಿತು ಅವಳ ಬಾಯನ್ನೇ ನೋಡುತ್ತಿದ್ದ. "ಗಂಜಿ ಆರ್ಲಿಕತ್ತದ. ನೀವು ಉಣ್ರಿ," ಎಂದಳು. ದನಿ ಕೊಂಚ ಒರಟಾಗಿತ್ತು, ತುದಿಯಲ್ಲಿ ಸಣ್ಣ ಬಿರುಕು. ಅಣ್ಣ ಗಂಜಿ ಕುಡಿದ.

ಹನ್ನೆರಡನೆಯ ದಿನ ಸೇಡಮ್ಮಿನಲ್ಲಿ ಇಳಿದು ಗಾಡಿ ಹತ್ತಿದೆವು. ಅಣ್ಣ ಮುಂದೆ ಕುಳಿತು ಗಾಡಿ ಹೊಡೆಯುತ್ತಿದ್ದ. ವೈನಿ ಹಿಂದೆ ಹುಲ್ಲಿನ ಮೇಲೆ, ಕೊರಳಿಗೆ ಬಿಳಿ ಪಟ್ಟಿ, ಅದರ ಮೇಲೆ ಮತ್ತೆ ತಾಳಿ. ಅವಳು ತಿಂಗಳುಗಳ ಮೇಲೆ ಮೊದಲ ಸಲ ಕಾಲು ಚಾಚಿ, ಪೂರಾ ಅಡ್ಡಲಾಗಿ ಮಲಗಿದ್ದಳು. ಊರಿನ ಬೇವಿನ ಮರಗಳು ಕಾಣುವ ತನಕ ಅಣ್ಣ ತಡೆದುಕೊಂಡ.

"ಅಲ್ಲ," ಎಂದ, ಎತ್ತುಗಳಿಗೆ ಹೇಳುವಂತೆ. "ಡಾಕ್ಟರ್ ಕೇಳ್ಯಾರ, ನರ್ಸಮ್ಮ ಕೇಳ್ಯಾಳ, ಇಂವ ಕೇಳ್ಯಾನ. ಯಾರ ಹೆಸರದ, ಅವನೊಬ್ಬನೇ ಕೇಳಿಲ್ಲ. ಒಮ್ಮೆ ಅನ್ನಬಾರದೇನ?"

ಹುಲ್ಲಿನ ಮೇಲೆ ಅವಳು ಮಗ್ಗುಲು ಬದಲಿಸಿದಳು.

"ಇನ್ನೊಮ್ಮಿ ಕುತ್ತಿಗಿ ಕೊಯ್ಸ್ರಿ," ಎಂದಳು ವೈನಿ. "ಅಂತೀನಿ."

ಅಣ್ಣ ಬಾರುಕೋಲು ಕೆಳಗೆ ಬೀಳುವಂತೆ ನಕ್ಕ. ನಾನು ಇಳಿದು ಅದನ್ನು ಎತ್ತಿಕೊಟ್ಟೆ. ಗಾಡಿ ಅಷ್ಟು ದೂರ ಹೋಗಿತ್ತು, ಓಡಬೇಕಾಯಿತು.