ನಿಂಬೆಹಣ್ಣಿನ ಬದಲು

ನಾವುಂದದ ಈ ಗುಡಿಯಲ್ಲಿ ಪೂಜೆ ಮುಗಿಸಿದರೆ ನನಗಿರುವುದು ಒಂದೇ ಚಟ. ಮರದ ಚೂರು ಕೆತ್ತಿ ಪುಟ್ಟ ಬಸ್ಸು, ರಿಕ್ಷಾ, ಲಾರಿ ಮಾಡಿ ಬಣ್ಣ ಬಳಿಯುತ್ತೇನೆ.

ಹೋದ ವರ್ಷ ಮೀನು ಲಾರಿಯ ರವಿರಾಜ್ ನನ್ನ ಹೆಂಡತಿ ಶ್ರೀಲತಾಳ ಸ್ಕೂಟರಿನ ಮೇಲೆ ಲಾರಿ ಹತ್ತಿಸಿದ. ಅವಳು ಉಳಿಯಲಿಲ್ಲ. ‘ಸ್ಕೂಟರ್ ಕಾಣ್ಲೇ ಇಲ್ಲೆ ಭಟ್ರೆ’ ಎಂದ. ಎಲ್ಲರೆದುರೂ ಅದನ್ನೇ ಹೇಳಿ ಪಾರಾದ.

ಮೊನ್ನೆ ಹೊಸ ಲಾರಿ ತಂದು, ನನ್ನ ಕೈಯಿಂದಲೇ ಪೂಜೆ ಆಗಬೇಕೆಂದ. ನಾನು ಪೂಜೆ ಮಾಡಿದರೆ ಊರ ಬಾಯಿ ಮುಚ್ಚುತ್ತದೆಂದು ಅವನ ಎಣಿಕೆ. ಒಪ್ಪಿದೆ. ಮಂತ್ರದಲ್ಲಿ ಒಂದಕ್ಷರ ತಪ್ಪಲಿಲ್ಲ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಡ್ರೈವರ್ ಬದಿಯ ಮುಂದಿನ ಚಕ್ರಕ್ಕೆ ಮಾತ್ರ, ನಾನೇ ಕೆತ್ತಿ ನೀಲಿ ಬಳಿದ ಅಂಗೈಯಗಲದ ಸ್ಕೂಟರ್ ಇಟ್ಟೆ. ಅದಕ್ಕೆ ಶ್ರೀಲತಾಳ ಗಾಡಿಯದೇ ನಂಬರು, ಮುಂದೆ ಅವಳು ಕಟ್ಟಿಕೊಳ್ಳುತ್ತಿದ್ದಂಥದೇ ಪುಟ್ಟ ಹೂವಿನ ಬುಟ್ಟಿ.

ರವಿರಾಜ್ ಲಾರಿ ಹತ್ತಿ ಸ್ಟಾರ್ಟ್ ಮಾಡಿದ.

‘ಹ್ವಾಯ್, ಬಗ್ಗಿ ಚಕ್ರದ ಬುಡ ಕಾಣಿ’ ಎಂದೆ.

ಕಿಟಕಿಯಿಂದ ಬಗ್ಗಿದವನ ಮುಖ ಬಿಳುಚಿತು. ಎದುರು ಕೈ ಮುಗಿದು ನಿಂತಿದ್ದ ಅವನ ಮನೆಯವರೂ ನೋಡಿದರು.

‘ಈ ಸಲ ಕಂಡ್ತಾ?’ ಎಂದೆ. ‘ಹಾಂಗಾರೆ ಹತ್ಸಿ. ಹತ್ಸ್ದೆ ಪೂಜೆ ಆತಿಲ್ಲೆ.’